ಗಿಳಿಗೆ ಟಿಕೆಟ್ ಉಂಟು, ಕಣ್ಣಾದ ನಾಯಿಗೆ?

2024ರ ಮಾರ್ಚ್ ತಿಂಗಳ ಆ ಸುದ್ದಿ ನಿಮಗೂ ನೆನಪಿರಬಹುದು. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಕೆಎಸ್‌ಆರ್‌ಟಿಸಿ ಬಸ್ಸು. ಹತ್ತಿದವರು ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗಳು. ಇಬ್ಬರಿಗೂ ಶಕ್ತಿ ಯೋಜನೆಯಲ್ಲಿ ಪ್ರಯಾಣ ಫ್ರೀ. ಆದರೆ ಅವರ ಜೊತೆ ನಾಲ್ಕು ಲವ್‌ಬರ್ಡ್ಸ್ ಇದ್ದವು. ಕಂಡಕ್ಟರ್ ಸಾಹೇಬರು ಲೆಕ್ಕ ಹಾಕಿದರು. ಒಂದಕ್ಕೆ 111 ರೂಪಾಯಿ, ನಾಲ್ಕಕ್ಕೆ 444 ರೂಪಾಯಿ. ಟಿಕೆಟ್ ಕೊಟ್ಟೇ ಬಿಟ್ಟರು!

ನಮಗೆ, ಅಂದರೆ ಟಿವಿಯವರಿಗೆ, ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಮನುಷ್ಯರಿಗೆ ಫ್ರೀ, ಗಿಳಿಗಳಿಗೆ ಚಾರ್ಜ್. ಆ ನಾಲ್ಕರಲ್ಲಿ ಹೆಣ್ಣೆಷ್ಟು, ಗಂಡೆಷ್ಟು, ಹೆಣ್ಣು ಗಿಳಿಗೆ ಶಕ್ತಿ ಯೋಜನೆ ಅನ್ವಯ ಆಗಲ್ವಾ ಅಂತ ನಾನೂ ತಮಾಷೆ ಮಾಡಿದೆ. ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಂದೆ ನಿಂತವರೆಲ್ಲ ನಕ್ಕರು. ಕಾರ್ಯಕ್ರಮ ಮುಗಿಸಿ ಕಾಲರ್ ಮೈಕ್ ಬಿಚ್ಚಿಟ್ಟು ಹೊರಗೆ ಬಂದರೆ ಡೆಸ್ಕ್‌ನಿಂದ ಒಬ್ಬ ಹುಡುಗ, "ಸರ್, ತುಮಕೂರಿನಿಂದ ಯಾರೋ ಲೈನ್‌ನಲ್ಲಿದ್ದಾರೆ, ನಿಮ್ಮ ಜೊತೆನೇ ಮಾತಾಡಬೇಕಂತೆ" ಅಂದ.

ತಗೊಂಡೆ. ಆ ಕಡೆಯಿಂದ ಬಹಳ ಸಮಾಧಾನದ ದನಿ. ಅವರು ಸಂಗೀತದ ಮೇಷ್ಟ್ರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ.

"ಸಾರ್, ಗಿಳಿ ಸುದ್ದಿ ಕೇಳಿದೆ. ನಾನೂ ನಕ್ಕೆ. ಆದ್ರೆ ಒಂದು ಡೌಟು. ಗಿಳಿಗೆ ದುಡ್ಡು ಕೊಟ್ರೆ ಬಸ್ಸಲ್ಲಿ ಜಾಗ ಸಿಗುತ್ತೆ ಅಂತ ಗೊತ್ತಾಯ್ತು. ನಾಳೆ ನಾನು ಒಂದು ಗೈಡ್ ಡಾಗ್ ಇಟ್ಕೊಂಡೆ ಅಂದ್ಕೊಳ್ಳಿ. ಅದಕ್ಕೆ ಯಾವ ಟಿಕೆಟ್ ಸಾರ್? ಬಸ್ಸಿಳಿದು ತಿಂಡಿ ತಿನ್ನೋಕೆ ಹೋಟೆಲಿಗೆ ಹೋದ್ರೆ ಒಳಗೆ ಬಿಡ್ತಾರಾ? ರಾತ್ರಿ ಉಳ್ಕೊಳ್ಳೋಕೆ ಲಾಡ್ಜ್‌ನಲ್ಲಿ ರೂಮ್ ಕೊಡ್ತಾರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ದಿನಾ ಸಂಜೆ ಕೂತು ಮಂತ್ರಿಗಳಿಗೆ ಪ್ರಶ್ನೆ ಕೇಳುವವನು ನಾನು. "ವಿಚಾರಿಸಿ ಹೇಳ್ತೀನಿ ಸರ್" ಅಂದೆ. ಅವರು ನಕ್ಕರು. "ಎಲ್ರೂ ಹಂಗೇ ಹೇಳ್ತಾರೆ ಸಾರ್, ಪರವಾಗಿಲ್ಲ" ಅಂದು ಫೋನ್ ಇಟ್ಟರು.

ಆ ನಗು ನನಗೆ ಚುಚ್ಚಿತು. ಹಾಗಾಗಿ ವಿಚಾರಿಸಿದೆ, ಓದಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸಾಕುಪ್ರಾಣಿ ಬೇರೆ, ಸೇವಾ ಪ್ರಾಣಿ ಬೇರೆ. ನಿಮ್ಮ ಮನೆಯ ಟಾಮಿ ಇದೆಯಲ್ಲ, ಅದು ಸಾಕುಪ್ರಾಣಿ. ನಿಮಗೆ ಅದರ ಮೇಲೆ ಪ್ರೀತಿ, ಅದಕ್ಕೆ ನಿಮ್ಮ ಮೇಲೆ ಪ್ರಾಣ. ಎಲ್ಲ ಸರಿ. ಆದರೆ ಟಾಮಿಯನ್ನು ಮನೆಯಲ್ಲಿ ಬಿಟ್ಟು ನೀವು ಹೋಟೆಲಿಗೆ ಹೋಗಬಹುದು. ನಡೆಯಬಹುದು, ರಸ್ತೆ ದಾಟಬಹುದು, ಬಿಲ್ಲು ಕೊಟ್ಟು ಬರಬಹುದು. ಅಂಧರೊಬ್ಬರ ಮಾರ್ಗದರ್ಶಿ ನಾಯಿ ಹಾಗಲ್ಲ. ಅದನ್ನು ಹೊರಗೆ ಕಟ್ಟಿ ಬನ್ನಿ ಅನ್ನುವುದೂ, ನಿಮ್ಮ ಕನ್ನಡಕ ಬಾಗಿಲಲ್ಲಿ ಬಿಚ್ಚಿಟ್ಟು ಬನ್ನಿ ಅನ್ನುವುದೂ ಒಂದೇ. ಕುಂಟುತ್ತಾ ಬಂದವರಿಗೆ ಊರುಗೋಲು ಹೊರಗೇ ಇರಲಿ ಅಂತೀವಾ?

ನಮ್ಮಲ್ಲಿ ಈ ಎರಡಕ್ಕೂ ಇರುವುದು ಒಂದೇ ಬೋರ್ಡು: 'ನಾಯಿಗಳಿಗೆ ಪ್ರವೇಶವಿಲ್ಲ'. ಸಮಸ್ಯೆ ಶುರುವಾಗುವುದೇ ಅಲ್ಲಿಂದ.

ಮಾರ್ಗದರ್ಶಿ ನಾಯಿಯ ಕಥೆ ಶುರುವಾಗಿದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ತರಬೇತಿ ಶಾಲೆ ತೆರೆಯಿತು. ಮುಂದೆ ಜರ್ಮನಿಯ ಇಂಥದ್ದೇ ಇನ್ನೊಂದು ಶಾಲೆಯನ್ನು ನೋಡಿ ಬೆರಗಾದವರು ಸ್ವಿಟ್ಜರ್‌ಲೆಂಡ್‌ನಲ್ಲಿ ನೆಲೆಸಿದ್ದ ಅಮೆರಿಕದ ಮಹಿಳೆ ಡೊರೊಥಿ ಯೂಸ್ಟಿಸ್. 1927ರಲ್ಲಿ ಅವರು ಅಮೆರಿಕದ ಒಂದು ವಾರಪತ್ರಿಕೆಗೆ ಲೇಖನ ಬರೆದರು. ನ್ಯಾಶ್‌ವಿಲ್ ಎಂಬ ಊರಿನಲ್ಲಿ ಮೋರಿಸ್ ಫ್ರಾಂಕ್ ಅನ್ನುವ ಅಂಧ ಯುವಕನಿಗೆ ಆ ಲೇಖನದ ವಿಷಯ ತಿಳಿಯಿತು. ನನಗೂ ಅಂಥದ್ದೊಂದು ನಾಯಿ ಬೇಕು, ನನ್ನಂಥ ಉಳಿದವರಿಗೂ ಕಲಿಸುತ್ತೇನೆ ಎಂದು ಆತ ಪತ್ರ ಬರೆದ. ಸ್ವಿಟ್ಜರ್‌ಲೆಂಡ್‌ಗೆ ಹೋಗಿ ಕಲಿತು, 1928ರಲ್ಲಿ ಬಡ್ಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ನ್ಯೂಯಾರ್ಕ್‌ನಲ್ಲಿ ಹಡಗಿನಿಂದ ಇಳಿದ. ಪತ್ರಕರ್ತರು ಸುತ್ತುವರಿದು, ಎಲ್ಲಿ, ಆ ರಸ್ತೆ ದಾಟಿ ತೋರಿಸು ನೋಡೋಣ ಅಂದರು. ಲಾರಿ, ಕಾರುಗಳು ನುಗ್ಗುತ್ತಿದ್ದ ರಸ್ತೆ. ಬಡ್ಡಿ ದಾಟಿಸಿತು. ಫ್ರಾಂಕ್ ಸ್ವಿಟ್ಜರ್‌ಲೆಂಡ್‌ಗೆ ಒಂದೇ ಪದದ ಟೆಲಿಗ್ರಾಂ ಕಳಿಸಿದ: ಯಶಸ್ಸು.

ರಸ್ತೆ ದಾಟಿದ್ದು ಸುಲಭ ಆಯಿತು. ಕಷ್ಟ ಆಗಿದ್ದು ಬಾಗಿಲು ದಾಟುವುದು! ರೈಲಿನಲ್ಲಿ ಬಡ್ಡಿಗೆ ಜಾಗ ಇಲ್ಲ, ಲಗೇಜು ಡಬ್ಬಿಗೆ ಹಾಕು ಅಂದರು. ಹೋಟೆಲ್‌ಗಳು ಬೇಡ ಅಂದವು. 1929ರಲ್ಲಿ ಫ್ರಾಂಕ್ ಮತ್ತು ಯೂಸ್ಟಿಸ್ ಸೇರಿ 'ದಿ ಸೀಯಿಂಗ್ ಐ' ಎಂಬ ಶಾಲೆ ಕಟ್ಟಿದರು. ನಾಯಿಗೆ ತರಬೇತಿ ಕೊಡುವುದು ಅರ್ಧ ಕೆಲಸ, ಊರಿನ ಬಾಗಿಲು ತೆರೆಸುವುದು ಇನ್ನರ್ಧ ಅನ್ನುವುದು ಫ್ರಾಂಕ್‌ಗೆ ಅರ್ಥವಾಗಿತ್ತು. ವರ್ಷಗಟ್ಟಲೆ ಅಲೆದ. 1930ರ ದಶಕದ ಮಧ್ಯದ ಹೊತ್ತಿಗೆ ರೈಲ್ವೆ ಕಂಪನಿಗಳು ಒಪ್ಪಿದವು. ಆಮೇಲೆ ಒಂದೊಂದೇ ರಾಜ್ಯ ಕಾನೂನು ಮಾಡಿತು. ಅಮೆರಿಕಕ್ಕೂ ಇದು ಒಂದೇ ದಿನದಲ್ಲಿ ಬಂದಿದ್ದಲ್ಲ ಅನ್ನುವುದಕ್ಕೆ ಈ ಕಥೆ ಹೇಳಿದೆ.

ಇನ್ನು ಆ ನಾಯಿ ಮಾಡುವ ಕೆಲಸ ಏನು? ಸುಮ್ಮನೆ ಮುಂದೆ ಎಳೆದುಕೊಂಡು ಹೋಗುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ. ದಾರಿ ಇರುವುದು ಮನುಷ್ಯನ ತಲೆಯಲ್ಲಿ. ಎಡಕ್ಕೆ, ಬಲಕ್ಕೆ, ಮುಂದೆ ಅಂತ ಹೇಳುವವರು ಅವರೇ. ಮೆಟ್ಟಿಲು ಬಂದರೆ ನಾಯಿ ನಿಲ್ಲುತ್ತೆ, ಗುಂಡಿ ಬಂದರೆ ಬಳಸುತ್ತೆ. ತಲೆಗೆ ತಾಗುವ ಕೊಂಬೆಯೋ, ಬೋರ್ಡೋ ಇದ್ದರೆ ತನಗೆ ತಾಗದಿದ್ದರೂ ಪಕ್ಕಕ್ಕೆ ಕರೆದೊಯ್ಯುತ್ತೆ. ಎಲ್ಲಕ್ಕಿಂತ ದೊಡ್ಡ ವಿದ್ಯೆ ಏನು ಗೊತ್ತಾ? ಮಾತು ಕೇಳದೇ ಇರುವುದು! ಯಜಮಾನ 'ಮುಂದೆ' ಅಂದಾಗ ವಾಹನ ಬರುತ್ತಿದ್ದರೆ ಅದು ಹೆಜ್ಜೆ ಎತ್ತುವುದಿಲ್ಲ. ಎಷ್ಟು ಹೇಳಿದರೂ ಎತ್ತುವುದಿಲ್ಲ. ಇದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ಮರಿಯಾಗಿದ್ದಾಗಿನಿಂದ ಲೆಕ್ಕ ಹಾಕಿದರೆ ಒಂದು ನಾಯಿ ತಯಾರಾಗಲು ಹೆಚ್ಚುಕಡಿಮೆ ಎರಡು ವರ್ಷ.

ಕಣ್ಣಿಗೆ ಮಾತ್ರ ಅಲ್ಲ. ಕಿವಿ ಕೇಳದವರಿಗೆ ಕಾಲಿಂಗ್ ಬೆಲ್, ಮಗುವಿನ ಅಳು, ಬೆಂಕಿಯ ಅಲಾರಂ ತಿಳಿಸುವ ನಾಯಿಗಳಿವೆ. ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ವಸ್ತು ಎತ್ತಿಕೊಡುವ, ಬಾಗಿಲು ತೆರೆಯುವ ನಾಯಿಗಳಿವೆ. ಸಕ್ಕರೆ ಅಂಶ ಕುಸಿಯುತ್ತಿರುವುದನ್ನು ವಾಸನೆಯಿಂದಲೇ ಹಿಡಿದು ಎಚ್ಚರಿಸುವ ನಾಯಿಗಳಿವೆ.

ಸರಿ, ಇದನ್ನೆಲ್ಲ ಓದಿ ನನ್ನ ಪರಿಚಯದ ಹೋಟೆಲ್ ಮಾಲೀಕರೊಬ್ಬರ ಹತ್ತಿರ ಹೋದೆ. ಉಡುಪಿ ಕಡೆಯವರು. ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆಯಿತು, ಕೆಳಗೆ ದರ್ಶಿನಿ, ಮೇಲೆ ಲಾಡ್ಜು. ಗಲ್ಲಾದಲ್ಲಿ ಕೂತಿದ್ದರು. ಮೇಷ್ಟ್ರ ಪ್ರಶ್ನೆಯನ್ನೇ ಅವರ ಮುಂದಿಟ್ಟೆ.

"ಕಣ್ಣು ಕಾಣದವರು ನಾಯಿ ಹಿಡ್ಕೊಂಡು ಬಂದ್ರೆ ಬೇಡ ಅಂತ ಹೇಳ್ಲಿಕ್ಕೆ ನಾನೇನು ಕಲ್ಲಾ ಮಾರಾಯ್ರೆ? ಆದ್ರೆ ಅದು ಅದೇ ನಾಯಿ ಅಂತ ನಂಗೆ ಗೊತ್ತಾಗುವುದು ಹೇಗೆ? ಒಬ್ಬರಿಗೆ ಬಿಟ್ರೆ ನಾಳೆ ಹತ್ತು ಜನ ತರ್ತಾರೆ. ಪಕ್ಕದ ಟೇಬಲ್‌ನವರು ಎದ್ದು ಹೋಗ್ತಾರೆ. ಫುಡ್ ಇನ್‌ಸ್ಪೆಕ್ಟರ್ ಬಂದ್ರೆ ಉತ್ತರ ಕೊಡ್ಲಿಕ್ಕೆ ನೀವು ಬರ್ತೀರಾ?"

ಇದು ಕಟುಕನ ಮಾತಲ್ಲ ನೋಡಿ. ವ್ಯಾಪಾರ ಮಾಡುವವರ ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕೊಡದೆ ಕರುಣೆ, ಮಾನವೀಯತೆ ಅಂತ ನಾವು ಸ್ಟುಡಿಯೋದಲ್ಲಿ ಕೂತು ಭಾಷಣ ಬಿಗಿದರೆ ಪ್ರಯೋಜನ ಇಲ್ಲ.

ಈ ಪ್ರಶ್ನೆಗೆ ಅಮೆರಿಕದ ಕಾನೂನು ಕಂಡುಕೊಂಡ ಉತ್ತರ ಬಹಳ ಸರಳವಾಗಿದೆ. ಅಲ್ಲಿ 1990ರಲ್ಲಿ ವಿಕಲಚೇತನರ ಹಕ್ಕಿನ ಕಾಯ್ದೆ ಬಂತು. ಅದರ ಪ್ರಕಾರ ಹೋಟೆಲ್, ಅಂಗಡಿ, ಆಸ್ಪತ್ರೆ, ಎಲ್ಲಿ ಸಾರ್ವಜನಿಕರು ಹೋಗಬಹುದೋ ಅಲ್ಲಿಗೆ ಸೇವಾ ನಾಯಿಯೂ ಹೋಗಬಹುದು. ಬಾಗಿಲಲ್ಲಿರುವ ಸಿಬ್ಬಂದಿ ಕೇಳಬಹುದಾದದ್ದು ಎರಡೇ ಪ್ರಶ್ನೆ. ಒಂದು, ಅಂಗವೈಕಲ್ಯದ ಕಾರಣಕ್ಕೆ ನಿಮಗೆ ಬೇಕಾದ ಸೇವಾ ನಾಯಿನಾ ಇದು? ಎರಡು, ಇದಕ್ಕೆ ಯಾವ ಕೆಲಸದ ತರಬೇತಿ ಆಗಿದೆ? ಅಷ್ಟೇ. ನಿಮಗೇನು ಕಾಯಿಲೆ ಅಂತ ಕೇಳುವಂತಿಲ್ಲ. ಕಾಗದ ತೋರಿಸು ಅನ್ನುವಂತಿಲ್ಲ. ನಾಯಿಗೆ ಪ್ರತ್ಯೇಕ ಚಾರ್ಜು ಹಾಕುವಂತಿಲ್ಲ. ಪಕ್ಕದವರಿಗೆ ನಾಯಿ ಅಂದರೆ ಹೆದರಿಕೆ, ಅಲರ್ಜಿ ಅನ್ನುವ ನೆಪವೂ ನಡೆಯುವುದಿಲ್ಲ. ಇಬ್ಬರನ್ನೂ ದೂರ ದೂರ ಕೂರಿಸಿ ನಿಭಾಯಿಸಬೇಕು.

ಹಾಗಂತ ಮಾಲೀಕರ ಕೈ ಕಟ್ಟಿ ಹಾಕಿಲ್ಲ. ನಾಯಿ ಬೊಗಳಿ ಗಲಾಟೆ ಮಾಡಿ, ಯಜಮಾನ ಅದನ್ನು ಹತೋಟಿಗೆ ತರದಿದ್ದರೆ, ಇಲ್ಲವೇ ಅಲ್ಲೇ ಗಲೀಜು ಮಾಡಿದರೆ, ಹೊರಗೆ ಕರೆದೊಯ್ಯಿರಿ ಅಂತ ಹೇಳಬಹುದು. ಆಗಲೂ ಗಿರಾಕಿಯನ್ನು ಹೊರಗೆ ಹಾಕುವಂತಿಲ್ಲ, ನಾಯಿ ಇಲ್ಲದೆ ಅವರಿಗೆ ಸೇವೆ ಕೊಡಬೇಕು. ಇನ್ನು ಅಡುಗೆಮನೆ? ಅಲ್ಲಿಗೆ ಯಾವ ಗಿರಾಕಿ ಹೋಗ್ತಾನೆ ಹೇಳಿ? ನಾಯಿ ಬರುವುದು ಊಟದ ಹಾಲ್‌ಗೆ, ಮೇಜಿನ ಕೆಳಗೆ, ಯಜಮಾನನ ಕಾಲ ಬುಡಕ್ಕೆ. ಅಲ್ಲಿ ಸದ್ದಿಲ್ಲದೆ ಮಲಗುವುದೂ ಅದರ ತರಬೇತಿಯ ಭಾಗ.

ಬೇರೆ ದೇಶಗಳೂ ಹಿಂದೆ ಬಿದ್ದಿಲ್ಲ. ಜಪಾನ್ 2002ರಲ್ಲೇ ಸಹಾಯಕ ನಾಯಿಗಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆಯ ಪ್ರಕಾರ ಟ್ಯಾಕ್ಸಿ ಚಾಲಕ ಸಹಾಯಕ ನಾಯಿಯನ್ನು ಬೇಡ ಅನ್ನುವಂತಿಲ್ಲ, ಹೆಚ್ಚಿಗೆ ದುಡ್ಡು ಕೇಳುವಂತಿಲ್ಲ. ಚಾಲಕನಿಗೇ ವೈದ್ಯಕೀಯ ಕಾರಣವಿದ್ದು, ಮೊದಲೇ ವಿನಾಯಿತಿ ಪತ್ರ ಪಡೆದಿದ್ದರೆ ಮಾತ್ರ ಬೇರೆ ಮಾತು.

ಆದರೆ ನಮ್ಮ ಹೋಟೆಲ್ ಮಾಲೀಕರ ಅನುಮಾನ ಇತ್ತಲ್ಲ, ಒಬ್ಬರಿಗೆ ಬಿಟ್ಟರೆ ಹತ್ತು ಜನ ತರ್ತಾರೆ ಅಂತ? ಅದೂ ನಿಜ ಆಯಿತು, ಅದೇ ಅಮೆರಿಕದಲ್ಲಿ. ಅಲ್ಲಿ ವಿಮಾನಗಳಲ್ಲಿ 'ಎಮೋಷನಲ್ ಸಪೋರ್ಟ್ ಅನಿಮಲ್' ಅಂತ ಇನ್ನೊಂದು ವರ್ಗ ಇತ್ತು. ತರಬೇತಿ ಬೇಕಿಲ್ಲ, ಜೊತೆಗಿದ್ದರೆ ಮನಸ್ಸಿಗೆ ನೆಮ್ಮದಿ ಅನ್ನುವ ಚೀಟಿ ಇದ್ದರೆ ಸಾಕು. ಶುರುವಾಯಿತು ನೋಡಿ! ಹಂದಿ ಬಂತು, ಬಾತುಕೋಳಿ ಬಂತು. 2018ರ ಜನವರಿಯಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ನವಿಲನ್ನೇ ತಂದರು. ಸೀಟೂ ಬುಕ್ ಮಾಡಿದ್ದರಂತೆ. ವಿಮಾನ ಕಂಪನಿ ಹತ್ತಿಸಲಿಲ್ಲ. ಜಗತ್ತೆಲ್ಲ ನಕ್ಕಿತು.

ನಿಜವಾದ ಅಂಧರಿಗೆ ಮಾತ್ರ ಅದರಿಂದ ನಗು ಬರಲಿಲ್ಲ. ಯಾಕಂದರೆ ಸುಳ್ಳು ಸೇವಾ ಪ್ರಾಣಿಗಳ ಕಾಟದಿಂದ ಅವರ ನಾಯಿಯನ್ನೂ ಎಲ್ಲರೂ ಅನುಮಾನದಿಂದ ನೋಡಲು ಶುರು ಮಾಡಿದರು. ತರಬೇತಿ ಇಲ್ಲದ ಸಾಕುನಾಯಿಗಳು ಮಾರ್ಗದರ್ಶಿ ನಾಯಿಗಳ ಮೇಲೆ ಎರಗಿದ್ದೂ ಉಂಟು. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ನಿಯಮ ಬಿಗಿ ಮಾಡಿತು. ಸೇವಾ ಪ್ರಾಣಿ ಅಂದರೆ ತರಬೇತಾದ ನಾಯಿ, ಉಳಿದದ್ದೆಲ್ಲ ಸಾಕುಪ್ರಾಣಿ ಎಂದಿತು. ಪ್ರೀತಿಯ ಹೆಸರಿನಲ್ಲಿ ಹೇಳಿದ ಸುಳ್ಳಿನ ಬೆಲೆ ಕಟ್ಟಿದ್ದು ಯಾರು? ಕಣ್ಣಿಲ್ಲದವರು.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಒಳ್ಳೆಯ ಕಾಯ್ದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದದ್ದು ಇದರಲ್ಲಿ 21 ಆಯಿತು. ತಾರತಮ್ಯ ಮಾಡಬಾರದು, ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನುತ್ತೆ. ಒಳ್ಳೆಯ ವಕೀಲರು ಸಿಕ್ಕರೆ ಈ ಮಾತನ್ನೇ ಹಿಡಿದು ಮಾರ್ಗದರ್ಶಿ ನಾಯಿಯ ಪರ ವಾದ ಮಾಡಬಹುದು. ಆದರೆ ಹಸಿದು ದರ್ಶಿನಿ ಬಾಗಿಲಲ್ಲಿ ನಿಂತವರು ಇಡ್ಲಿಗಾಗಿ ಹೈಕೋರ್ಟ್‌ಗೆ ಹೋಗಬೇಕಾ? 'ಮಾರ್ಗದರ್ಶಿ ನಾಯಿಗೆ ಇಲ್ಲಿ ಪ್ರವೇಶ ಇದೆ' ಅಂತ ಬೆರಳಿಟ್ಟು ತೋರಿಸುವಂಥ ನೇರ ಸಾಲು ಆ ಕಾಯ್ದೆಯಲ್ಲಿ ಇಲ್ಲ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ವಿಮಾನಗಳಲ್ಲಿ ಪಳಗಿದ ಮಾರ್ಗದರ್ಶಿ ನಾಯಿಯನ್ನು ಯಜಮಾನನ ಜೊತೆ ಕ್ಯಾಬಿನ್‌ಗೆ ಬಿಡುವ ಪದ್ಧತಿ ಇದೆ. ಅಂದರೆ ಆಕಾಶದಲ್ಲಿ ಜಾಗ ಇದೆ, ನೆಲದ ಮೇಲೆ ಗ್ಯಾರಂಟಿ ಇಲ್ಲ!

ನಮ್ಮಲ್ಲಿ ಅಂಥ ನಾಯಿಗಳೇ ಅಪರೂಪ, ಅವಕ್ಕೆ ಕಾನೂನು ಯಾಕೆ ಅಂತ ನೀವು ಕೇಳಬಹುದು. ಉಲ್ಟಾ ಯೋಚನೆ ಮಾಡಿ. ಅಪರೂಪ ಯಾಕೆ? ಎರಡು ವರ್ಷ ಕಷ್ಟಪಟ್ಟು ತಯಾರು ಮಾಡಿದ ನಾಯಿಯನ್ನು ಬಸ್ಸಿಗೆ ಹತ್ತಿಸುತ್ತಾರೋ ಇಲ್ಲವೋ, ಆಫೀಸಿಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದರೆ ಯಾರು ತಯಾರು ಮಾಡುತ್ತಾರೆ? ಅದರ ಜೊತೆಗೆ ನಮ್ಮ ಫುಟ್‌ಪಾತು, ಬಾಯಿ ತೆರೆದ ಚರಂಡಿ, ಮೈಮೇಲೆ ಬೀಳುವ ಬೀದಿನಾಯಿಗಳು. ನಾಯಿಗೆ ಕಲಿಸುವ ಸಾಮರ್ಥ್ಯ ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ ಇದೆ, ನಕ್ಸಲ್ ಕಾಡುಗಳಲ್ಲಿ ಬಾಂಬ್ ಪತ್ತೆ ಮಾಡುವ ನಾಯಿಗಳು ಅಲ್ಲಿ ತಯಾರಾಗುತ್ತವೆ. ವಿದ್ಯೆ ಇದೆ, ಬಾಗಿಲು ಇಲ್ಲ.

ಇನ್ನು ಸಾಕುಪ್ರಾಣಿಗಳ ವಿಚಾರ. ಪ್ರಾಣಿಪ್ರಿಯರು ನನ್ನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಮನೆ, ಅಪಾರ್ಟ್‌ಮೆಂಟ್ ಮಟ್ಟಿಗೆ ಕಾನೂನು ನಿಮ್ಮ ಪರವಾಗಿದೆ. ನಿವಾಸಿಗಳ ಸಂಘದವರು ಬಹುಮತ ಇದ್ದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್‌ನಲ್ಲಿ ಬೇಡ ಅನ್ನುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅಂಥ ನಿಷೇಧ ನಡೆಯುವುದಿಲ್ಲ ಅಂತ ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಆದರೆ ಲಾಡ್ಜು, ರೆಸಾರ್ಟು, ಹೋಟೆಲು ಇನ್ನೊಬ್ಬರ ವ್ಯಾಪಾರ. ಅಲ್ಲಿ ಟಾಮಿಗೆ ಬಾಗಿಲು ತೆರೆಯುವುದು, ಬಿಡುವುದು ಮಾಲೀಕರ ಇಷ್ಟ. ಅದು ಹಕ್ಕಲ್ಲ, ಅವರು ಕೊಡುವ ಸೌಲಭ್ಯ.

ಮತ್ತು ಆ ಸೌಲಭ್ಯ ದಿನೇದಿನೇ ಬೆಳೆಯುತ್ತಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಷ್ಟೋ ಹೋಂಸ್ಟೇಗಳು ನಾಯಿ ಇದ್ದರೂ ಬನ್ನಿ ಅನ್ನುತ್ತಿವೆ. ಆಕಾಸಾ ಏರ್ 2022ರ ನವೆಂಬರ್‌ನಿಂದ ಬುಟ್ಟಿಯೂ ಸೇರಿ 7 ಕೆ.ಜಿ. ಒಳಗಿನ ನಾಯಿ, ಬೆಕ್ಕನ್ನು ಕ್ಯಾಬಿನ್‌ಗೆ ಬಿಡಲು ಶುರು ಮಾಡಿತು. ರೈಲಿನಲ್ಲಿ ಎಸಿ ಫಸ್ಟ್ ಕ್ಲಾಸ್‌ನ ಇಡೀ ಕೂಪೆ ನಿಮ್ಮದಾಗಿದ್ದರೆ ನಾಯಿಯನ್ನು ಜೊತೆಗೆ ಇಟ್ಟುಕೊಳ್ಳಬಹುದು. ಇಲ್ಲವಾದರೆ ಗಾರ್ಡ್ ಇರುವ ಬೋಗಿಯ ಡಾಗ್ ಬಾಕ್ಸೇ ಗತಿ. ಸ್ಲೀಪರ್, ತ್ರೀ ಟಯರ್‌ನಲ್ಲಿ ಅವಕಾಶ ಇಲ್ಲ. ಜರ್ಮನಿಯ ರೈಲುಗಳಲ್ಲಿ ದೊಡ್ಡ ನಾಯಿಗೆ ಟಿಕೆಟ್ ಮಾಡಿಸಬೇಕು, ಬಾಯಿಗೆ ಕುಕ್ಕೆ ಹಾಕಬೇಕು, ಮಾರ್ಗದರ್ಶಿ ನಾಯಿಗೆ ಮಾತ್ರ ಫ್ರೀ. ನಮ್ಮ ಕಂಡಕ್ಟರ್ ಮಾಡಿದ್ದು ಅಂಥ ವಿಚಿತ್ರವೇನೂ ಅಲ್ಲ ಅಂತ ಆಗ ನನಗೆ ಅನಿಸಿತು.

ಈ ಬಾಗಿಲುಗಳು ಮುಚ್ಚಬಾರದು ಅಂದರೆ ಅದು ಸಾಕುವವರ ಕೈಯಲ್ಲಿದೆ. ರೂಮ್ ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ, ನಾಯಿಯ ಜಾತಿ, ಗಾತ್ರ ಹೇಳಿ, ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ರೇಬೀಸ್ ಲಸಿಕೆಯ ಪುಸ್ತಕ ಜೊತೆಗಿರಲಿ. ಹಗ್ಗ ಕೈಬಿಡಬೇಡಿ. ಗಲೀಜು ಮಾಡಿದರೆ ನೀವೇ ಬಳಿಯಿರಿ, ರೂಮ್‌ಬಾಯ್‌ಗೆ ಬಿಡಬೇಡಿ. ರೂಮಿನಲ್ಲಿ ಅದೊಂದನ್ನೇ ಕೂಡಿಹಾಕಿ ಊರು ಸುತ್ತಲು ಹೋಗಬೇಡಿ. ನಾಯಿ ಕಂಡರೆ ನಡುಗುವ ಮಕ್ಕಳಿಗೆ "ಏನೂ ಮಾಡಲ್ಲ ಬಾ" ಅನ್ನಬೇಡಿ. ನಿಮಗೆ ಗೊತ್ತು ಅದು ಏನೂ ಮಾಡಲ್ಲ ಅಂತ, ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಎಲ್ಲಕ್ಕಿಂತ ಮುಖ್ಯ, ಆನ್‌ಲೈನ್‌ನಲ್ಲಿ ಒಂದು ಜಾಕೆಟ್ ತರಿಸಿ ತೊಡಿಸಿ ಇದು ಸರ್ವೀಸ್ ಡಾಗ್ ಅಂತ ಸುಳ್ಳು ಹೇಳಬೇಡಿ. ನವಿಲಿನ ಕಥೆ ನೆನಪಿರಲಿ.

ನಾಯಿ ಅಂದರೆ ಅಶುದ್ಧ, ನಮ್ಮ ಸಂಪ್ರದಾಯಕ್ಕೆ ಒಗ್ಗಲ್ಲ ಅನ್ನುವವರಿಗೂ ಎರಡು ಮಾತು. ಸ್ವರ್ಗದ ಬಾಗಿಲಲ್ಲಿ ಇಂದ್ರ, ನಾಯಿಗೆ ಪ್ರವೇಶವಿಲ್ಲ, ಅದನ್ನು ಬಿಟ್ಟು ರಥ ಹತ್ತು ಅಂದಾಗ ಧರ್ಮರಾಯ ಏನು ಮಾಡಿದ? ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗವೇ ಬೇಡ ಅಂದ. ಆ ನಾಯಿ ಯಾರಾಗಿತ್ತು ಅಂತ ನಿಮಗೆ ಗೊತ್ತಿದೆ. ಇನ್ನೊಂದು, ಮಂಡ್ಯ ಜಿಲ್ಲೆಯ ಆತಕೂರಿನದು. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949-50ರ ಸುಮಾರಿಗೆ, ಯುದ್ಧ ಗೆದ್ದ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಎಲ್ಲಿ ನಿಲ್ಲಿಸಿದ? ದೇವಸ್ಥಾನದ ಎದುರಿಗೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋಗಿ ನೋಡಿ. ಕೆಲಸ ಮಾಡಿದ ನಾಯಿಗೆ ಮರ್ಯಾದೆ ಕೊಡುವುದು ನಮಗೆ ಹೊಸದೇನಲ್ಲ.

ಹಾಗಾದರೆ ಆಗಬೇಕಾದ್ದೇನು? ಬಹಳ ದೊಡ್ಡದೇನೂ ಅಲ್ಲ. ಮಾರ್ಗದರ್ಶಿ ಹಾಗೂ ಸೇವಾ ನಾಯಿಗೆ ಬಸ್ಸು, ರೈಲು, ಹೋಟೆಲು, ಆಸ್ಪತ್ರೆ, ಕಚೇರಿಯಲ್ಲಿ ಉಚಿತ ಪ್ರವೇಶ ಅಂತ ನಿಯಮದಲ್ಲಿ ಒಂದು ನೇರ ಸಾಲು. ಬಾಗಿಲಲ್ಲಿ ಕೇಳಬಹುದಾದ ಎರಡು ಪ್ರಶ್ನೆ ಯಾವುವು ಅಂತ ಹೋಟೆಲಿನವರಿಗೆ, ಕಂಡಕ್ಟರ್‌ಗಳಿಗೆ ತಿಳಿಸುವ ಒಂದು ಸುತ್ತೋಲೆ. ಸುಳ್ಳು ಹೇಳಿ ಸಾಕುನಾಯಿ ನುಗ್ಗಿಸುವವರಿಗೆ ದಂಡ. ಈ ಮೂರನೆಯದನ್ನು ಹೇಳಿದಾಗ ನಮ್ಮ ಉಡುಪಿ ಮಾಲೀಕರು ಗಲ್ಲಾದಿಂದ ತಲೆ ಎತ್ತಿ, "ಹಾಗೆ ಒಂದು ಕಾಗದ ಸರ್ಕಾರದಿಂದ ಬಂದ್ರೆ ನಾನೇ ಬೋರ್ಡು ಬದಲಾಯಿಸ್ತೇನೆ ಮಾರಾಯ್ರೆ" ಅಂದರು.

ಮೊನ್ನೆ ತುಮಕೂರಿನ ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ. ತಿಳಿದಷ್ಟನ್ನೂ ಹೇಳಿದೆ. ಗಿಳಿಗೆ ಟಿಕೆಟ್ ಉಂಟು ಸರ್, ನಿಮ್ಮ ನಾಯಿಗೆ ಸದ್ಯಕ್ಕೆ ಕಂಡಕ್ಟರ್ ಮತ್ತು ಮಾಲೀಕರ ಒಳ್ಳೆಯ ಮನಸ್ಸೇ ಟಿಕೆಟ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒಳ್ಳೆ ಮನಸ್ಸಿನವರು ಬೇಕಾದಷ್ಟು ಜನ ಇದಾರೆ ಸಾರ್. ದಿನಾ ರಸ್ತೆ ದಾಟಿಸ್ತಾರೆ, ನಂಗೊತ್ತು. ಆದ್ರೆ ಅವರು ಬರೋವರೆಗೂ ನಾನು ನಿಂತಿರಬೇಕಲ್ಲ" ಅಂದರು.